ಪುಡಿ ಬಾಟಲಿಗೆ ನೀರೆಷ್ಟು, ಕೂಸಿಗೆ ಔಷಧವೆಷ್ಟು?

ಮಕ್ಕಳ ಆ್ಯಂಟಿಬಯಾಟಿಕ್ ಅಂಗಡಿಯಿಂದ ಮನೆಗೆ ಬರುವುದು ಹೆಚ್ಚಾಗಿ ಪುಡಿಯಾಗಿ. 30 ಮಿ.ಲೀ. ಬಾಟಲಿ, ತಳದಲ್ಲಿ ಒಂದಿಷ್ಟು ಪುಡಿ, ಹೊರಗೆ ಒಂದು ಗೆರೆ ಅಥವಾ ಬಾಣದ ಗುರುತು. ನೀರು ಬೆರೆಸಿ ಅದನ್ನು ಔಷಧ ಮಾಡುವ ಕೆಲಸ ಮನೆಯವರದು. ನೀರು ಗೆರೆಗಿಂತ ಕಡಿಮೆಯಾದರೆ ಪ್ರತಿ ಗುಟುಕಿನಲ್ಲೂ ಔಷಧ ಹೆಚ್ಚಾಗುತ್ತದೆ, ಹೆಚ್ಚಾದರೆ ಸೋಂಕು ಇಳಿಯುವಷ್ಟು ಔಷಧ ಹೊಟ್ಟೆಗೆ ಹೋಗುವುದಿಲ್ಲ.

ಬೇಕೋ ಬೇಡವೋ

ನೆಗಡಿ, ಸಾದಾ ಕೆಮ್ಮು, ನೀರಿನಂಥ ಭೇದಿ ಬಹುಪಾಲು ವೈರಸ್‌ನಿಂದ ಬರುತ್ತವೆ. ಅವಕ್ಕೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ಸಿಂಬಳ ಹಸಿರಾಯಿತು ಎಂಬುದೊಂದೇ ಕಾರಣ ಸಾಲದು. ನೀರಿನಂಥ ಭೇದಿಗೆ ಬೇಕಾದದ್ದು ಓಆರ್‌ಎಸ್ ಮತ್ತು 14 ದಿನ ಜಿಂಕ್. ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕೆಮ್ಮಿದ ಕೂಸಿನ ಉಸಿರನ್ನು ಮನೆಯಲ್ಲೇ ಎಣಿಸಬಹುದು. ಕೂಸು ಅಳದೆ ಇರುವಾಗ ಅಂಗಿ ಎತ್ತಿ, ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ನೋಡಿ. 2 ತಿಂಗಳೊಳಗೆ 60, 2ರಿಂದ 12 ತಿಂಗಳಿಗೆ 50, 1ರಿಂದ 5 ವರ್ಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದು. ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಎಳೆಯುತ್ತಿದ್ದರಂತೂ ಆಗಲೇ ದವಾಖಾನೆಗೆ ಹೊರಡಿ.

‘ಹೋದ ಸಲ ಕೊಟ್ಟಿದ್ರಲ್ರಿ, ಅದನ್ನೇ ಕೊಡ್ರಿ’ ಎಂದು ಅಂಗಡಿಯಲ್ಲಿ ಕೇಳಬೇಡಿ. ಹೋದ ಸಲದ ರೋಗ ಬೇರೆ, ಕೂಸಿನ ತೂಕವೂ ಬೇರೆ. ಸೆಫಿಕ್ಸೈಮ್‌ನಂಥ ಆ್ಯಂಟಿಬಯಾಟಿಕ್‌ಗಳು 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ.

ಚೀಟಿಯಲ್ಲಿ ನೋಡಬೇಕಾದ ಅಂಕಿ

ಅಂದಿನ ತೂಕ ಹಾಕಿಸಿ, ಚೀಟಿಯ ಮೇಲೆ ಬರೆಸಿ. ಹಿಂದೆ ಯಾವುದಾದರೂ ಔಷಧದಿಂದ ಮೈಮೇಲೆ ದದ್ದು ಎದ್ದಿದ್ದರೆ ಕೇಳುವ ಮೊದಲೇ ಹೇಳಿ. ಹೊರಬರುವ ಮುನ್ನ ಸಲಕ್ಕೆ ಎಷ್ಟು ಮಿ.ಲೀ., ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂದು ಕೇಳಿಕೊಳ್ಳಿ. ‘ಒಂದು ಚಮಚ’ ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ.

ಒಂದೇ ಔಷಧ ಎರಡು ಬಲದಲ್ಲಿ ಸಿಗುತ್ತದೆ. ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಎಂಬ ಆ್ಯಂಟಿಬಯಾಟಿಕ್‌ನ ಒಂದು ಬಾಟಲಿಯಲ್ಲಿ 5 ಮಿ.ಲೀ.ಗೆ 228.5 ಮಿ.ಗ್ರಾಂ, ಇನ್ನೊಂದರಲ್ಲಿ 457. ಹೆಸರು, ಡಬ್ಬಿ ಒಂದೇ ಥರ ಕಾಣುತ್ತವೆ. 228.5ರ ಲೆಕ್ಕದಲ್ಲಿ 5 ಮಿ.ಲೀ. ಬರೆದುಕೊಟ್ಟಿದ್ದು, ಕೈಗೆ 457 ಬಂದರೆ ಕೂಸಿಗೆ ಸರಿಯಾಗಿ ದುಪ್ಪಟ್ಟು ಹೋಗುತ್ತದೆ. ಎಳೆಗೂಸಿನ ಡ್ರಾಪ್ಸ್‌ನ ಬಲ ಬೇರೆ ಇರಬಹುದು, ಅದನ್ನು ಸಿರಪ್‌ನ ಅಳತೆಯಲ್ಲಿ ಕೊಡಲೇಬಾರದು. ಹಣ ಕೊಡುವ ಮೊದಲು ಚೀಟಿಯ ಅಂಕಿ ಮತ್ತು ಡಬ್ಬಿಯ ಅಂಕಿ ತಾಳೆಯಾಗುತ್ತವೆಯೇ ನೋಡಿ.

ದಿನದ ಲೆಕ್ಕವನ್ನೂ ಅಲ್ಲೇ ಹಾಕಿ. 5 ಮಿ.ಲೀ.ನಂತೆ ದಿನಕ್ಕೆ ಎರಡು ಸಲ, 5 ದಿನ ಎಂದರೆ 50 ಮಿ.ಲೀ. ಬೇಕು. 30 ಮಿ.ಲೀ. ಬಾಟಲಿ ಮೂರೇ ದಿನಕ್ಕೆ ಬರಿದಾಗುತ್ತದೆ. ಅಷ್ಟೊತ್ತಿಗೆ ಜ್ವರವೂ ಇಳಿದಿರುತ್ತದೆ, ಔಷಧ ಮುಗಿಯಿತೆಂದು ಮನೆಯವರು ಬಿಟ್ಟುಬಿಡುತ್ತಾರೆ. ಅರ್ಧಕ್ಕೆ ನಿಲ್ಲಲು ಇದು ದೊಡ್ಡ ಕಾರಣ. ಎರಡು ಬಾಟಲಿ ಒಟ್ಟಿಗೇ ತನ್ನಿ, ಎರಡನೆಯದಕ್ಕೆ ನೀರು ಹಾಕುವುದು ಮೊದಲನೆಯದು ಮುಗಿದ ಮೇಲೆ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಬೇನೆ ಬಂದರೆ ಅಮಾಕ್ಸಿಸಿಲಿನ್ 10 ದಿನ ಬೇಕು. ನೋವು ಮೂರೇ ದಿನಕ್ಕೆ ಹೋದರೂ ಸೋಂಕು ಉಳಿದುಕೊಂಡರೆ ಮುಂದೆ ಹೃದಯದ ಕವಾಟಕ್ಕೇ ಹಾನಿಯಾಗಬಲ್ಲದು.

ನೀರು ಬೆರೆಸುವುದು

ಡಬ್ಬಿಯೊಳಗೆ ಶುದ್ಧ ನೀರಿನ ಚಿಕ್ಕ ಪ್ಲಾಸ್ಟಿಕ್ ಬಾಟಲಿ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಕುದಿಸಿ, ಪೂರ್ತಿ ಆರಿಸಿದ ನೀರು. ವಿಜಯಪುರ, ಬಾಗಲಕೋಟೆ ಕಡೆಯ ಗಡಸು ಬೋರ್ ನೀರು ಕುದಿಸಿದರೂ ಅದರ ಉಪ್ಪು, ಫ್ಲೋರೈಡ್ ಹೋಗುವುದಿಲ್ಲ; ಊರಿನ ಶುದ್ಧ ನೀರಿನ ಘಟಕದ ನೀರು ತಂದು ಕುದಿಸಿ ಆರಿಸುವುದು ಒಳ್ಳೆಯದು. ಬಿಸಿ ನೀರು ಹಾಕಿದರೆ ಔಷಧವೇ ಕೆಡುತ್ತದೆ.

ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ಪುಡಿ ಸಡಿಲಿಸಿ. ಅರ್ಧದಷ್ಟು ನೀರು ಹಾಕಿ ಮುಚ್ಚಳ ಬಿಗಿದು ಜೋರಾಗಿ ಅಲುಗಾಡಿಸಿ. ನೊರೆ ಏಳುತ್ತದೆ, ನೊರೆಯ ಮೇಲ್ಮೈಯನ್ನೇ ನೀರಿನ ಮಟ್ಟ ಎಂದುಕೊಂಡರೆ ನೀರು ಕಡಿಮೆ ಬೀಳುತ್ತದೆ. ಆದ್ದರಿಂದ ಐದು ನಿಮಿಷ ಬಿಟ್ಟು, ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಗೆರೆಯವರೆಗೆ ಉಳಿದ ನೀರು ಹಾಕಿ ಮತ್ತೆ ಅಲುಗಾಡಿಸಿ. ಬೆರೆಸಿದ ತಾರೀಖನ್ನು ಪೆನ್ನಿನಿಂದ ಲೇಬಲ್ ಮೇಲೆ ಬರೆಯಿರಿ.

ಕ್ಲಾವುಲನೇಟ್ ಇರುವ ಔಷಧವನ್ನು ಫ್ರಿಜ್‌ನಲ್ಲಿಟ್ಟು 7 ದಿನದೊಳಗೆ ಮುಗಿಸಬೇಕು. ನಡುವಿನ ಹಲಗೆ ಸರಿಯಾದ ಜಾಗ. ಫ್ರೀಜರ್ ಬೇಡ, ಬಾಗಿಲೂ ಬೇಡ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಹೊರಗಿಟ್ಟ ಬಾಟಲಿ ಬೇಗ ಬಲ ಕಳೆದುಕೊಳ್ಳುತ್ತದೆ. ಬಣ್ಣ ಕಂದುಗಟ್ಟಿದರೆ ಚೆಲ್ಲಿ. ನೀರಿನ ಹರವಿಯ ಪಕ್ಕದಲ್ಲಿಟ್ಟರೆ ತುಸು ತಂಪಾದೀತು, ಫ್ರಿಜ್‌ನಷ್ಟು ಆಗದು. ಕಬ್ಬು ಕಡಿಯಲು ಮುಧೋಳ, ಅಥಣಿ ಕಡೆ ಹೋಗಿ ಗುಡಿಸಲಲ್ಲಿ ಇರುವವರು ಫ್ರಿಜ್ ಇಲ್ಲವೆಂದು ವೈದ್ಯರಿಗೆ ಹೇಳಲು ಸಂಕೋಚಪಡಬೇಡಿ. ನೀರಲ್ಲಿ ಕರಗುವ ಅಮಾಕ್ಸಿಸಿಲಿನ್ ಗುಳಿಗೆ ಇದೆ: ಆಯಾ ಸಲದ್ದನ್ನು ಚಮಚದಷ್ಟು ನೀರಲ್ಲಿ ಕರಗಿಸಿ ಆಗಲೇ ಕುಡಿಸುವುದು. ರೋಗಕ್ಕೆ ಹೊಂದುವುದಾದರೆ ಅದನ್ನೇ ಬರೆದುಕೊಡಬಹುದು.

ಕುಡಿಸುವುದು

ಪ್ರತಿ ಸಲವೂ ಬಾಟಲಿ ಅಲುಗಾಡಿಸಿ, ಔಷಧ ತಳಕ್ಕೆ ಕೂತಿರುತ್ತದೆ. ಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆ. ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್‌ಗಿಂತ ನಂಬಿಕೆಯ ಅಳತೆ ಬೇರೆ ಇಲ್ಲ. ಒಳಲೆಯಲ್ಲೇ ಕುಡಿಸುವ ರೂಢಿ ಇದ್ದರೆ ಸಿರಿಂಜ್‌ನಿಂದ ಅಳೆದು ಹಾಕಿ, ತಳಕ್ಕೆ ಅಂಟಿದ್ದನ್ನು ಎರಡು ಹನಿ ನೀರಿನಿಂದ ತೊಳೆದು ಅದನ್ನೂ ಕುಡಿಸಿ.

ಕೂಸನ್ನು ತಲೆ ಎತ್ತರವಾಗಿರುವಂತೆ ಮಡಿಲಲ್ಲಿ ಕೂರಿಸಿ, ಸಿರಿಂಜ್ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಿ. ಮೂಗು ಹಿಡಿದು ಸುರಿಯಬೇಡಿ, ಔಷಧ ಶ್ವಾಸನಾಳಕ್ಕೆ ಹೋಗುತ್ತದೆ. ಲೋಟದ ಹಾಲಿಗೆ ಬೆರೆಸಿದರೆ ಉಳಿಸಿದ ಹಾಲಿನಲ್ಲಿ ಔಷಧವೂ ಉಳಿಯುತ್ತದೆ. ಕಹಿಗೆ ಮುಖ ಕಿವುಚಿದರೆ ಆಮೇಲೆ ಚೂರು ಬೆಲ್ಲ ನೆಕ್ಕಿಸಿ. ವರ್ಷದೊಳಗಿನ ಕೂಸಿಗೆ ಜೇನು ಮಾತ್ರ ಬೇಡ. ಕ್ಲಾವುಲನೇಟ್ ಇರುವುದನ್ನು ಊಟದ ಆರಂಭಕ್ಕೆ ಕೊಟ್ಟರೆ ಹೊಟ್ಟೆಗೆ ಹಗುರ.

ದಿನಕ್ಕೆ ಎರಡು ಸಲ ಎಂದರೆ ಬೆಳಿಗ್ಗೆ 7, ರಾತ್ರಿ 7. ಕುಡಿಸಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅಷ್ಟೇ ಅಳತೆ ಇನ್ನೊಮ್ಮೆ ಕೊಡಿ, ಅದು ದಾಟಿದ್ದರೆ ಬೇಡ. ಒಂದು ಸಲ ಮರೆತರೆ ನೆನಪಾದಾಗ ಕೊಡಿ. ಮುಂದಿನ ಹೊತ್ತು ಹತ್ತಿರವಿದ್ದರೆ ಬಿಟ್ಟುಬಿಡಿ, ಎರಡನ್ನು ಸೇರಿಸಬೇಡಿ.

ಸ್ವಲ್ಪ ಭೇದಿ ಸಾಮಾನ್ಯ. ಓಆರ್‌ಎಸ್ ಕೊಡುತ್ತಾ ಔಷಧ ಮುಂದುವರಿಸಿ. ದದ್ದು ಎದ್ದರೆ ಮುಂದಿನ ಸಲದ್ದನ್ನು ತಡೆದು, ಫೋಟೋ ತೆಗೆದು ವೈದ್ಯರನ್ನು ಕೇಳಿ. ತುಟಿ, ಮುಖ ಊದಿದರೆ, ಉಸಿರು ಕಟ್ಟಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಎರಡು–ಮೂರು ದಿನದಲ್ಲಿ ಜ್ವರ ಇಳಿಯದಿದ್ದರೆ ಬೇರೆ ಔಷಧ ಕೊಳ್ಳಬೇಡಿ. ಚೀಟಿ, ಬಾಟಲಿ ಎರಡನ್ನೂ ಹಿಡಿದು ಅದೇ ವೈದ್ಯರ ಬಳಿ ಹೋಗಿ. ಕೊನೆಗೆ ಉಳಿದದ್ದನ್ನು ತಮ್ಮನಿಗೋ ತಂಗಿಗೋ ಎಂದು ಎತ್ತಿಡದೆ, ಬಳಸಿದ ಚಹಾಪುಡಿಗೆ ಬೆರೆಸಿ ಕಸಕ್ಕೆ ಹಾಕಿ.