ಅಡ್ವಾನ್ಸ್ ಪಡೆಯುವ ಮೊದಲು ಎರಡು ಹಾಳೆ: ಮದುವೆ ಹೂವಿನವರು ಕರಾರು ಬರೆದುಕೊಳ್ಳುವ ಬಗೆ

ಆಷಾಢದಲ್ಲಿ ಬೆಂಗಳೂರಿನ ಛತ್ರಗಳು ಬಿಕೋ ಅನ್ನುತ್ತವೆ. ಮದುವೆ ಅಲಂಕಾರ ಮಾಡುವ ಹೂವಿನವರಿಗೂ ಬಿಡುವು. ಶ್ರಾವಣದ ಮದುವೆಗೆ ಬುಕಿಂಗ್ ಮಾಡಲು ಜನ ಬರುವುದು ಆಗಲೇ. ಸಿಟಿ ಮಾರ್ಕೆಟ್‌ನಲ್ಲಿ ಸೇವಂತಿಗೆ ಅಗ್ಗವಾಗಿರುತ್ತದೆ. ಕೊಟೇಶನ್ ಕೂಡ ಅದೇ ಲೆಕ್ಕದಲ್ಲಿ ಹೋಗುತ್ತದೆ. ಆಮೇಲೆ ನೋಡಿದರೆ ಮದುವೆ ದಿನ ವರಮಹಾಲಕ್ಷ್ಮಿ ಹಬ್ಬದ ಪಕ್ಕದಲ್ಲೇ ಬಿದ್ದಿರುತ್ತದೆ! ಹಬ್ಬದ ಹಿಂದಿನ ದಿನ ಕನಕಾಂಬರ ಕೆ.ಜಿ.ಗೆ ಸಾವಿರ ರೂಪಾಯಿ ದಾಟುವುದು ಈ ಊರಿಗೆ ಹೊಸದೇನಲ್ಲ. ಆಗ ಹೂವಿನವರಿಗೆ ಉಳಿಯುವುದು ಎರಡೇ ದಾರಿ. ಕೈಯಿಂದ ಹಣ ಹಾಕಿ ಕೆಲಸ ಮುಗಿಸಬೇಕು, ಇಲ್ಲವೇ ಹೂ ಕಡಿಮೆ ಮಾಡಬೇಕು. ಕಡಿಮೆ ಮಾಡಿದರೆ ಛತ್ರದಲ್ಲೇ ಜಗಳ.

ಇಲ್ಲಿ ಯಾರೂ ಮೋಸ ಮಾಡಿಲ್ಲ ಅನ್ನುವುದನ್ನು ಗಮನಿಸಿ. ಈ ಕೆಲಸದಲ್ಲಿ ಮಾತಾಗುವುದು ಒಂದು ದಿನ, ಹೂ ಕೊಳ್ಳುವುದು ತಿಂಗಳುಗಳಾದ ಮೇಲೆ ಇನ್ನೊಂದು ದಿನ. ಪಾರ್ಟಿ, ಅಂದರೆ ಆರ್ಡರ್ ಕೊಟ್ಟ ಮದುವೆ ಮನೆಯವರು, ಒಪ್ಪಿದ್ದು ಮೊಬೈಲ್‌ನಲ್ಲಿ ಕಂಡ ಒಂದು ಫೋಟೊವನ್ನು, ನೀವು ತರುವುದು ಆವತ್ತು ಮಾರ್ಕೆಟ್‌ನಲ್ಲಿ ಸಿಕ್ಕಿದ್ದನ್ನು. ಕರಾರು ಪತ್ರ ಬೇಕಾಗಿರುವುದು ಈ ಎರಡರ ನಡುವಿನ ಸಂದಿಗೆ.

ಬಾಯಿಮಾತು ಸಾಲದೇ?

ಕಾನೂನಿನ ಪ್ರಕಾರ ಸಾಕು. 1872ರ ಭಾರತೀಯ ಕರಾರು ಕಾಯ್ದೆ ಬಾಯಿಮಾತಿನ ಒಪ್ಪಂದವನ್ನೂ ಒಪ್ಪುತ್ತದೆ. ಮೆಸೇಜ್, ಇಮೇಲ್‌ನಲ್ಲಿ ಆದ ಒಪ್ಪಂದಕ್ಕೂ ಬೆಲೆ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಅದನ್ನೇ ಹೇಳುತ್ತದೆ. ತೊಂದರೆ ಇರುವುದು ಸಾಬೀತು ಮಾಡುವುದರಲ್ಲಿ. ವಾಟ್ಸಾಪ್‌ನಲ್ಲಿ ಮೂವತ್ತು ಫೋಟೊ ಬಂದಿರುತ್ತವೆ, ಕೆಳಗೆ ನಿಮ್ಮದೊಂದು ‘ಆಯ್ತು ಸಾರ್’. ಯಾವ ಫೋಟೊಗೆ ಆಯ್ತು? ಯಾವ ರೇಟಿಗೆ ಆಯ್ತು? ಅದು ನಿಮಗೂ ನೆನಪಿರುವುದಿಲ್ಲ, ಪಾರ್ಟಿಗೂ ನೆನಪಿರುವುದಿಲ್ಲ.

ಮೊದಲು: ಮಾತು ಯಾರದು?

ನಮ್ಮ ಮದುವೆಗಳಲ್ಲಿ ಆರ್ಡರ್ ಕೊಡುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು, ಹಿಂದಿನ ದಿನ ಬಂದು ‘ಇದನ್ನೂ ಹಾಕಿಬಿಡಿ’ ಅನ್ನುವವರು ಮತ್ತೊಬ್ಬರು. ಹೆಚ್ಚಾಗಿ ಹುಡುಗಿಯ ಸೋದರಮಾವ. ಅವರು ಹೇಳಿದರೆಂದು ಊಟದ ಹಾಲ್ ಬಾಗಿಲಿಗೂ ಹೂ ಕಟ್ಟುತ್ತೀರಿ. ಬಿಲ್ಲಿನಲ್ಲಿ ಸೇರಿಸಿದರೆ ಹುಡುಗಿಯ ಅಪ್ಪ ‘ನಾನು ಹೇಳೇ ಇಲ್ಲವಲ್ಲ’ ಅನ್ನುತ್ತಾರೆ. ಇಬ್ಬರ ಮಾತೂ ನಿಜವೇ.

ಹಾಗಾಗಿ ಪತ್ರದ ತಲೆಯಲ್ಲೇ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರ್ ಬರೆದು, ಅದರ ಕೆಳಗೆ ಈ ಸಾಲು ಸೇರಿಸಿ: ‘ಕೆಲಸದಲ್ಲಿ ಯಾವುದೇ ಬದಲಾವಣೆ ಅಥವಾ ಸೇರ್ಪಡೆ ಬೇಕಿದ್ದರೆ ಸಹಿ ಮಾಡಿದವರೇ ಮೆಸೇಜ್ ಮೂಲಕ ತಿಳಿಸಬೇಕು. ಅದಕ್ಕೆ ಹೆಚ್ಚುವರಿ ದರ ಇರುತ್ತದೆ.’ ಮದುವೆಗೆ ಎಷ್ಟು ದಿನ ಮುಂಚೆ ಬದಲಾವಣೆ ನಿಲ್ಲಬೇಕು ಅನ್ನುವುದನ್ನೂ ಹಾಕಿ. ಹತ್ತು ದಿನ ಸರಿಹೋಗುತ್ತದೆ. ದುಡ್ಡು ಹುಡುಗನ ಕಡೆಯವರು ಅರ್ಧ, ಹುಡುಗಿ ಕಡೆಯವರು ಅರ್ಧ ಹಾಕುವುದಾದರೆ ಇಬ್ಬರ ಸಹಿಯೂ ಇರಲಿ.

ಎರಡನೆಯದು: ಜಾಗ ಜಾಗದ ಪಟ್ಟಿ

‘ಸ್ಟೇಜ್ ಡೆಕೊರೇಷನ್ – 1,20,000’ ಎಂದು ಒಂದೇ ಸಾಲು ಬರೆದರೆ ಅದು ಕರಾರಲ್ಲ, ಜಗಳಕ್ಕೆ ಕೊಟ್ಟ ಆಹ್ವಾನ. ಛತ್ರದ ಗೇಟಿನಿಂದ ಒಳಕ್ಕೆ ನಡೆದುಕೊಂಡು ಹೋಗುವ ಹಾಗೆ ಬರೆಯಿರಿ. ಗೇಟಿನ ಕಮಾನು, ಹೆಸರಿನ ಬೋರ್ಡ್, ಬಾಳೆಕಂದು, ಮಾವಿನ ತೋರಣ, ನಡೆದು ಬರುವ ದಾರಿ, ರಿಸೆಪ್ಷನ್ ಸ್ಟೇಜ್, ಧಾರೆ ಮಂಟಪ, ಕಾರು. ಪ್ರತಿಯೊಂದಕ್ಕೂ ಅಳತೆ ಇರಲಿ. ಬ್ಯಾಕ್‌ಡ್ರಾಪ್ 20 ಅಡಿಯೋ 30 ಅಡಿಯೋ? ಅದರಲ್ಲಿ ಹೂ ಎಷ್ಟು ಭಾಗ, ಬಟ್ಟೆ ಎಷ್ಟು ಭಾಗ?

ಹಾರದ ವಿಷಯ ಬೇರೆಯಾಗಿಯೇ ಬರೆಯಬೇಕು. ರಿಸೆಪ್ಷನ್‌ಗೆ ಒಂದು ಜೊತೆ, ಮುಹೂರ್ತಕ್ಕೆ ಒಂದು ಜೊತೆ ಅಂತ ನೀವು ಅಂದುಕೊಂಡಿರುತ್ತೀರಿ. ಬೀಗರಿಗೆ, ಅಪ್ಪ ಅಮ್ಮನಿಗೆ, ದೇವರ ಫೋಟೊಗೆ ಎಲ್ಲಾ ಸೇರಿದೆ ಅಂತ ಅವರು ಅಂದುಕೊಂಡಿರುತ್ತಾರೆ. ಮೊಗ್ಗಿನ ಜಡೆ ನಿಮ್ಮದೋ ಬ್ಯೂಟಿಷಿಯನ್ ತರುವುದೋ? ತಲೆಗೆ ಮುಡಿಯಲು ಕಟ್ಟಿದ ಮಲ್ಲಿಗೆ ಎಷ್ಟು ಮಾರು? ಇವು ಸಣ್ಣ ಮೊತ್ತದ ವಸ್ತುಗಳೇ. ಆದರೆ ಬೆಳಗಿನ ಜಾವ ಐದಕ್ಕೆ ಜಡೆ ಬಂದಿಲ್ಲ ಅಂದರೆ ಆಗುವ ಗಲಾಟೆ ಸಣ್ಣದಲ್ಲ.

ಈಗ ನಿಜವಾದ ಮುಳ್ಳು: ತಾಜಾ ಹೂವೋ ಪ್ಲಾಸ್ಟಿಕ್ ಹೂವೋ. ಈಗಿನ ಅಲಂಕಾರಗಳಲ್ಲಿ ಎರಡೂ ಬೆರೆತಿರುವುದು ಸಾಮಾನ್ಯ. ಮೇಲಿನ ಸಾಲುಗಳಲ್ಲಿ ಆರ್ಟಿಫಿಶಿಯಲ್, ಕೈಗೆ ಸಿಗುವ ಎತ್ತರದಲ್ಲಿ ತಾಜಾ. ಬೆಲೆ ಹಿಡಿತದಲ್ಲಿ ಇಡಲು ಅದು ಬೇಕಾಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಹೇಳದೇ ಮಾಡುವುದು ಮಾತ್ರ ತಪ್ಪು. ಪಟ್ಟಿಯ ಪ್ರತಿ ಸಾಲಿನ ಮುಂದೆ ‘ತಾಜಾ’, ‘ಆರ್ಟಿಫಿಶಿಯಲ್’, ‘ಮಿಶ್ರ’ ಎಂದು ಬರೆಯಿರಿ. ಮಿಶ್ರ ಆದರೆ ಎಷ್ಟು ಪಾಲು ಅನ್ನುವುದನ್ನೂ ಸೇರಿಸಿ. ಇದನ್ನು ಮುಚ್ಚಿಟ್ಟವರ ವಿರುದ್ಧ ಪಾರ್ಟಿಯವರು ಗ್ರಾಹಕರ ಆಯೋಗಕ್ಕೆ ಹೋದರೆ ತಪ್ಪಿಸಿಕೊಳ್ಳುವುದು ಕಷ್ಟ, ಹೋಗಲೂಬೇಕು ಅನ್ನುವುದು ನನ್ನ ಅಭಿಪ್ರಾಯ.

ಥರ್ಮಾಕೋಲ್‌ನಲ್ಲಿ ಮದುಮಕ್ಕಳ ಹೆಸರು ಕೊರೆಸುವ ಅಭ್ಯಾಸ ಇನ್ನೂ ಹೋಗಿಲ್ಲ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲಾ ನಿಷೇಧಿಸಲಾಗಿದೆ. ಪಾರ್ಟಿ ಕೇಳಿದರೂ ಮಾಡುವುದಿಲ್ಲ ಎಂದು ಪತ್ರದಲ್ಲೇ ಹೇಳಿಬಿಡಿ.

ಮೂರನೆಯದು: ಬೆಲೆ ಏರಿದರೆ, ಹೂ ಸಿಗದಿದ್ದರೆ

ಫೋಟೊವನ್ನು ಪತ್ರಕ್ಕೆ ಲಗತ್ತಿಸಿ, ಆದರೆ ‘ಇದೇ ತರಹ’ ಅನ್ನಬೇಡಿ. ‘ಬಣ್ಣ ಮತ್ತು ವಿನ್ಯಾಸಕ್ಕೆ ಮಾದರಿ ಮಾತ್ರ’ ಎಂದು ಬರೆಯಿರಿ. ವಿದೇಶದ ಮದುವೆಯ ಫೋಟೊದಲ್ಲಿ ಪಿಯೋನಿ ಇರುತ್ತದೆ. ಅದು ನಮ್ಮ ಸುತ್ತಮುತ್ತಲಿನ ತೋಟಗಳಲ್ಲಿ ಬೆಳೆಯುವ ಹೂವಲ್ಲ. ನಮಗೆ ಸುಲಭವಾಗಿ ಸಿಗುವುದು ಹೊಸೂರು, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಕಡೆಯ ಗುಲಾಬಿ, ಜರ್ಬೆರಾ, ಸೇವಂತಿಗೆ. ಹೆಬ್ಬಾಳದ ಹೂ ಹರಾಜು ಕೇಂದ್ರದಲ್ಲೂ ಬೆಲೆ ನಿಲ್ಲುವುದು ಆವತ್ತಿನ ಕೂಗಿನ ಮೇಲೆ. ನಾಲ್ಕು ತಿಂಗಳ ಮೊದಲೇ ಯಾರೂ ಅದನ್ನು ಹೇಳಲಾರರು.

ಆದ್ದರಿಂದ ಬದಲಿ ಹೂವಿನ ಷರತ್ತು ಬೇಕೇ ಬೇಕು. ‘ಒಪ್ಪಿದ ಹೂ ಸಿಗದಿದ್ದರೆ ಅಥವಾ ಗುಣಮಟ್ಟ ಚೆನ್ನಾಗಿಲ್ಲದಿದ್ದರೆ, ಅದೇ ಬಣ್ಣದ, ಅದಕ್ಕೆ ಸಮನಾದ ಬೆಲೆಯ ಬೇರೆ ಹೂ ಬಳಸಲಾಗುತ್ತದೆ.’ ಬದಲಿ ಯಾವುದೆಂದು ಮೊದಲೇ ಹೆಸರಿಸಿದರೆ ಇನ್ನೂ ಒಳ್ಳೆಯದು. ಕನಕಾಂಬರದ ಬದಲು ಕಿತ್ತಳೆ ಚೆಂಡುಹೂ ಇಟ್ಟು ‘ಬಣ್ಣ ಒಂದೇ ಅಲ್ವಾ’ ಅಂದರೆ ಯಾವ ಅಜ್ಜಿಯೂ ಒಪ್ಪುವುದಿಲ್ಲ!

ಬೆಲೆಗೆ ಎರಡು ಬಗೆಯ ಒಪ್ಪಂದ ಮಾಡಬಹುದು. ಏನೇ ಆದರೂ ಬದಲಾಗದ ಒಂದೇ ದರ, ಇಲ್ಲವೇ ಹಬ್ಬದ ಷರತ್ತು. ವರಮಹಾಲಕ್ಷ್ಮಿ, ಗೌರಿ–ಗಣೇಶ, ಆಯುಧಪೂಜೆ, ದೀಪಾವಳಿಗಳ ಹಿಂದೆ ಮುಂದೆ ಮೂರು ದಿನ ಬರುವ ಮದುವೆಗಳಿಗೆ ಹೂವಿನ ಮೊತ್ತದ ಮೇಲೆ ಇಷ್ಟು ಶೇಕಡ ಹೆಚ್ಚು ಎಂದು ಮುಂಚೆಯೇ ಹಾಕಿ. ಕೂಲಿ, ಸಾಗಣೆ, ಬಾಡಿಗೆ ವಸ್ತುಗಳ ದರ ಬದಲಾಗುವುದಿಲ್ಲ ಅನ್ನುವುದೂ ಇರಲಿ. ‘ಮಾರ್ಕೆಟ್ ರೇಟ್ ನೋಡಿ ಹೇಳ್ತೀವಿ’ ಅನ್ನುವ ಮಾತಿಗಿಂತ ಶೇಕಡ 20 ಅನ್ನುವ ಅಂಕಿ ಪಾರ್ಟಿಗೆ ನೆಮ್ಮದಿ ಕೊಡುತ್ತದೆ.

ನಾಲ್ಕನೆಯದು: ಆ ಒಂದು ರಾತ್ರಿ

ಬೆಂಗಳೂರಿನ ಮದುವೆಯ ಅಸಲಿ ಪರೀಕ್ಷೆ ಇಲ್ಲೇ. ಸಂಜೆ ರಿಸೆಪ್ಷನ್, ಮರುದಿನ ಬೆಳಿಗ್ಗೆ ಮುಹೂರ್ತ. ಒಂದೇ ಸ್ಟೇಜ್. ರಾತ್ರಿ ಹನ್ನೊಂದಕ್ಕೆ ಸೋಫಾ, ಲೈಟು ತೆಗೆದು ಬೆಳಗಿನ ಜಾವಕ್ಕೆ ಮಂಟಪ ನಿಲ್ಲಿಸಬೇಕು. ಆದರೆ ಹನ್ನೊಂದಕ್ಕೆ ಸ್ಟೇಜ್ ಖಾಲಿಯಾಗುವುದೇ ಇಲ್ಲ. ಕಾಲೇಜು ಗೆಳೆಯರ ಫೋಟೊ ಸೆಷನ್ ಶುರುವಾಗುವುದೇ ಆಗ. ಹನ್ನೆರಡೂವರೆಗೆ ಸ್ಟೇಜ್ ಕೈಗೆ ಬಂದು, ನಾಲ್ಕಕ್ಕೆ ಪುರೋಹಿತರು ಬಂದು ನಿಂತರೆ ಹುಡುಗರು ಏನು ಮಾಡಬೇಕು?

ಪತ್ರದಲ್ಲಿ ಗಂಟೆಗಳನ್ನೇ ಬರೆಯಿರಿ. ಛತ್ರದೊಳಗೆ ಬಿಡುವುದು ಎಷ್ಟಕ್ಕೆ, ರಿಸೆಪ್ಷನ್ ಅಲಂಕಾರ ಮುಗಿಯುವುದು ಎಷ್ಟಕ್ಕೆ, ಸ್ಟೇಜ್ ಬಿಟ್ಟುಕೊಡುವುದು ಎಷ್ಟಕ್ಕೆ, ಮಂಟಪ ಸಿದ್ಧವಾಗುವುದು ಎಷ್ಟಕ್ಕೆ. ‘ಸ್ಟೇಜ್ ಬಿಟ್ಟುಕೊಡಲು ತಡವಾದಷ್ಟು ಹೊತ್ತು ಮಂಟಪವೂ ತಡವಾಗಬಹುದು, ಅದಕ್ಕೆ ಅಲಂಕಾರದವರು ಹೊಣೆಯಲ್ಲ’ ಎಂಬ ಸಾಲು ಕಠಿಣ ಅನ್ನಿಸಬಹುದು. ಆದರೆ ಇದನ್ನು ಓದಿದ ಅಪ್ಪ ರಾತ್ರಿ ಹನ್ನೊಂದಕ್ಕೆ ತಾವೇ ಮೈಕ್ ಹಿಡಿದು ಗೆಳೆಯರನ್ನು ಇಳಿಸುತ್ತಾರೆ.

ಒಳಗೆ ಬಿಡುವ ಸಮಯವನ್ನು ಛತ್ರದ ಮ್ಯಾನೇಜರ್ ಹತ್ತಿರ ಕೇಳಿಯೇ ಬರೆಯಿರಿ. ಬೆಳಿಗ್ಗೆ ಅಲ್ಲಿ ಬೇರೆ ಮದುವೆ ಇದ್ದರೆ ಮಧ್ಯಾಹ್ನ ಮೂರರವರೆಗೂ ಒಳಗೆ ಬಿಡುವುದಿಲ್ಲ. ನಗರದ ರಸ್ತೆಗಳಲ್ಲಿ ಪೀಕ್ ಅವರ್‌ನಲ್ಲಿ ಗೂಡ್ಸ್ ಗಾಡಿಗಳಿಗೆ ನಿರ್ಬಂಧ ಇರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊಳೆ ಹೊಡೆಯಬಹುದೇ, ಕರೆಂಟ್ ಮತ್ತು ಜನರೇಟರ್ ಯಾರದು, ಏಣಿ ಸಿಗುತ್ತದೆಯೇ ಅನ್ನುವುದನ್ನೂ ಕೇಳಿ. ರಾತ್ರಿ ಕೆಲಸ ಮಾಡುವ ಹುಡುಗರಿಗೆ ಊಟ, ಬೆಳಗಿನ ತಿಂಡಿ ಪಾರ್ಟಿ ಕೊಡುವುದಾದರೆ ಎಷ್ಟು ಜನಕ್ಕೆ ಅನ್ನುವುದನ್ನೂ ಬರೆದುಬಿಡಿ. ನಾಚಿಕೆ ಬೇಡ. ಅಡುಗೆಯವರಿಗೂ ಲೆಕ್ಕ ಬೇಕಲ್ಲ.

ರಿಸೆಪ್ಷನ್ ಹೂವನ್ನೇ ಮುಹೂರ್ತಕ್ಕೂ ಬಳಸುತ್ತೀರಾ? ಓಯಸಿಸ್‌ನಲ್ಲಿ (ನೀರು ಹೀರಿಟ್ಟುಕೊಳ್ಳುವ ಹಸಿರು ಫೋಮ್) ಚುಚ್ಚಿದ ಆರ್ಕಿಡ್, ಕಾರ್ನೇಷನ್ ಮರುದಿನಕ್ಕೂ ನಿಲ್ಲುತ್ತವೆ. ಮಲ್ಲಿಗೆ ನಿಲ್ಲುವುದಿಲ್ಲ. ಯಾವುದು ಹೊಸದು, ಯಾವುದು ಅದೇ ಅನ್ನುವುದು ಪಟ್ಟಿಯಲ್ಲಿರಲಿ. ಕನಕಪುರ ರಸ್ತೆಯ ಕಡೆ ಬಯಲಿನಲ್ಲಿ ಮದುವೆ ಮಾಡುವವರಿಗೆ ಮಳೆಯ ಷರತ್ತೂ ಬೇಕು. ಏಪ್ರಿಲ್–ಮೇ ತಿಂಗಳ ಸಂಜೆ ಮಳೆ ಗಾಳಿಯನ್ನೂ ಜೊತೆಗೇ ತರುತ್ತದೆ. ಒಳಾಂಗಣಕ್ಕೆ ಸಾಗಿಸುವ ತೀರ್ಮಾನ ಯಾರು, ಎಷ್ಟು ಗಂಟೆಯೊಳಗೆ ಮಾಡಬೇಕು ಅನ್ನುವುದು ಗೊತ್ತಿರಬೇಕು.

ಐದನೆಯದು: ಹಣ

ಮೂರು ಕಂತು ಸಾಕು. ಬುಕಿಂಗ್‌ಗೆ ಒಂದಿಷ್ಟು, ಹೂ ಕೊಳ್ಳುವ ಮೊದಲು ದೊಡ್ಡ ಪಾಲು, ಉಳಿದದ್ದು ರಿಸೆಪ್ಷನ್ ಅಲಂಕಾರ ಮುಗಿದ ಕೂಡಲೇ. ‘ಮದುವೆ ಆದ ಮೇಲೆ’ ಎಂದು ಬರೆಯಬೇಡಿ. ಮದುವೆ ಆದ ಮೇಲೆ ಮನೆತುಂಬಿಸುವುದು, ಬೀಗರ ಔತಣ, ಹನಿಮೂನ್ ಎಲ್ಲಾ ಇರುತ್ತದೆ.

ನಗದಿನ ವಿಷಯದಲ್ಲಿ ಜಾಗ್ರತೆ. 2017ರ ಏಪ್ರಿಲ್‌ನಿಂದ ಒಂದೇ ಸಮಾರಂಭಕ್ಕೆ ಸಂಬಂಧಿಸಿ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವಂತಿಲ್ಲ. ಕಂತುಗಳಲ್ಲಿ ಪಡೆದರೂ ಅದು ಒಂದೇ ಲೆಕ್ಕ. ಮೀರಿದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಹಣ ಪಡೆದವರ ತಲೆಗೆ. ಚುನಾವಣೆ ಕಾಲದಲ್ಲಿ 50,000 ರೂಪಾಯಿಗಿಂತ ಹೆಚ್ಚು ನಗದು ಹಿಡಿದು ಮಾರ್ಕೆಟ್‌ಗೆ ಹೊರಟರೆ ಚೆಕ್‌ಪೋಸ್ಟ್‌ನಲ್ಲಿ ದಾಖಲೆ ಕೇಳುತ್ತಾರೆ. ಆಗಲೂ ಈ ಪತ್ರ ಕೆಲಸಕ್ಕೆ ಬರುತ್ತದೆ. ಜಿಎಸ್‌ಟಿ ಇದ್ದವರು ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂದು ಬರೆಯಿರಿ.

ಆರನೆಯದು: ಮದುವೆ ನಿಂತರೆ, ಮುಂದೆ ಹೋದರೆ

ಸೂತಕ ಬರುತ್ತದೆ. ಸಂಬಂಧ ಮುರಿಯುತ್ತದೆ. 2020ರ ಮಾರ್ಚ್‌ನಂತೆ ಊರೇ ಮುಚ್ಚುತ್ತದೆ. ಮೂರಕ್ಕೂ ಬೇರೆ ಬೇರೆ ಸಾಲು ಬೇಕು.

ಸರ್ಕಾರದ ಆದೇಶದಿಂದ ಕೆಲಸವೇ ಅಸಾಧ್ಯವಾದರೆ ಕರಾರು ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಒಪ್ಪಂದ ಮುರಿದುಬೀಳುತ್ತದೆ. ಪಡೆದದ್ದನ್ನು ಹಿಂದಿರುಗಿಸಬೇಕು ಎಂದು 65ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ‘ಅಡ್ವಾನ್ಸನ್ನು ಮುಂದಿನ 12 ತಿಂಗಳೊಳಗಿನ ಬೇರೆ ದಿನಾಂಕಕ್ಕೆ ಹೊಂದಿಸಲಾಗುವುದು, ಆಗಲೇ ಖರೀದಿಸಿದ ವಸ್ತುಗಳ ವೆಚ್ಚವನ್ನು ರಸೀದಿ ತೋರಿಸಿ ಕಳೆಯಲಾಗುವುದು’ ಎಂದು ಮೊದಲೇ ಒಪ್ಪಿಕೊಳ್ಳಿ. ಸೂತಕಕ್ಕೆ ಒಂದು ಸಲ ಉಚಿತವಾಗಿ ದಿನಾಂಕ ಬದಲಿಸಿಕೊಡಿ. ಅಂಥ ಮನೆಯಲ್ಲಿ ನಿಂತು ದಂಡ ಕೇಳುವವರಿಗೆ ಆ ಬೀದಿಯಲ್ಲಿ ಮತ್ತೆ ಕೆಲಸ ಸಿಗುವುದಿಲ್ಲ.

ಸಂಬಂಧ ಮುರಿದು ಅಥವಾ ಸುಮ್ನೆ ರದ್ದು ಮಾಡಿದರೆ? ದಿನ ಹತ್ತಿರವಾದಷ್ಟೂ ಕಡಿತ ಹೆಚ್ಚಿರಲಿ. 60 ದಿನಕ್ಕಿಂತ ಮೊದಲು ಕಡಿಮೆ, ಕೊನೆಯ ವಾರ ಬಹುಪಾಲು. ಆದರೆ ‘ಅಡ್ವಾನ್ಸ್ ಯಾವ ಕಾರಣಕ್ಕೂ ವಾಪಸ್ ಇಲ್ಲ’ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಕೋರ್ಟ್ ಒಪ್ಪಬೇಕೆಂದಿಲ್ಲ. 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ. ಪತ್ರದಲ್ಲಿ ಬರೆದ ಮೊತ್ತ ಅದಕ್ಕೆ ಮೇಲಿನ ಮಿತಿ ಮಾತ್ರ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಒಂದೇ ಕಡೆಗೆ ವಾಲಿದ ಅನ್ಯಾಯದ ಕರಾರಿನ ವಿರುದ್ಧ ರಾಜ್ಯ ಆಯೋಗಕ್ಕೆ ದೂರು ಕೊಡಲೂ ಅವಕಾಶ ಇದೆ. ನೀವೇ ಕೆಲಸಕ್ಕೆ ಬಾರದೆ ಹೋದರೆ ಏನು ಕೊಡುತ್ತೀರಿ ಅನ್ನುವುದನ್ನೂ ಬರೆದರೆ ಪತ್ರಕ್ಕೆ ತೂಕ ಬರುತ್ತದೆ.

ಉಳಿದ ಚಿಲ್ಲರೆ

ಫ್ರೇಮ್, ಬಟ್ಟೆ, ಉರುಳಿ (ಹೂ ತೇಲಿಬಿಡುವ ಅಗಲ ಬಾಯಿಯ ಪಾತ್ರೆ), ದೀಪದ ಕಂಬ ಬಾಡಿಗೆಯವು. ಕಳೆದರೆ, ಮುರಿದರೆ ಎಷ್ಟು? ಹೂ ಮಾತ್ರ ಪಾರ್ಟಿಯದು. ಊಟ ಮುಗಿಸಿ ಹೋಗುವ ಹೆಂಗಸರು ಬ್ಯಾಕ್‌ಡ್ರಾಪ್‌ನಿಂದ ಗುಲಾಬಿ ಕಿತ್ತುಕೊಳ್ಳುವುದನ್ನು ಯಾವ ಕರಾರೂ ತಡೆಯಲಾರದು. ಆದರೆ ಕೀಳುವಾಗ ಫ್ರೇಮ್ ಬೀಳದಿರಲಿ. ಅಲಂಕಾರ ಬಿಚ್ಚುವ ಗಂಟೆ, ಕಸ ಯಾರು ಸಾಗಿಸುವುದು, ನಿಮ್ಮ ಕೆಲಸದ ಫೋಟೊ ಇನ್‌ಸ್ಟಾಗ್ರಾಂಗೆ ಹಾಕಬಹುದೇ, ಹಾಕಿದರೆ ಮದುಮಕ್ಕಳ ಮುಖ ಕಾಣಬಹುದೇ ಎಂದು ಕೇಳಿ ಗುರುತು ಹಾಕಿ.

ಸಹಿ, ಸ್ಟಾಂಪ್, ಫೈಲ್

ಪತ್ರ ಕನ್ನಡದಲ್ಲೇ ಇರಲಿ, ಎರಡು ಪ್ರತಿ ಮಾಡಿ, ಪ್ರತಿ ಹಾಳೆಗೂ ಇಬ್ಬರ ಸಹಿ. ಇ–ಸ್ಟಾಂಪ್ ಕಾಗದದ ಮೇಲೆ ಮಾಡಿಸಿದರೆ ಒಳ್ಳೆಯದು. ಸ್ಟಾಂಪ್ ಇಲ್ಲ ಎಂದ ಮಾತ್ರಕ್ಕೆ ಒಪ್ಪಂದ ಸಾಯುವುದಿಲ್ಲ. ಕೋರ್ಟಿನಲ್ಲಿ ಹಾಜರುಪಡಿಸುವಾಗ ಸುಂಕ, ದಂಡ ಕಟ್ಟಬೇಕಾಗುತ್ತದೆ ಅಷ್ಟೆ. ಹಾಗಂತ ದೊಡ್ಡ ಕೆಲಸಕ್ಕೆ ಆ ಖರ್ಚು ಉಳಿಸಲು ಹೋಗಬೇಡಿ. ಮೊದಲ ಸಲ ಒಬ್ಬ ವಕೀಲರಿಂದ ನಮೂನೆ ನೋಡಿಸಿ. ಆಮೇಲೆ ಹೆಸರು, ದಿನಾಂಕ, ಪಟ್ಟಿ ಬದಲಿಸಿಕೊಂಡು ಅದನ್ನೇ ಬಳಸಬಹುದು.

‘ನಮ್ಮ ಮೇಲೆ ನಂಬಿಕೆ ಇಲ್ವಾ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರು ಛತ್ರದ ಬುಕಿಂಗ್ ಫಾರಂಗೆ ಆಗಲೇ ಸಹಿ ಹಾಕಿ ಬಂದಿರುತ್ತಾರೆ, ಅದನ್ನು ನೆನಪಿಸಿ. ಆಗಲೂ ಒಪ್ಪದಿದ್ದರೆ ಪಟ್ಟಿ, ದರ, ಗಂಟೆಗಳನ್ನು ಒಂದೇ ಮೆಸೇಜಾಗಿ ಕಳಿಸಿ ‘ಒಪ್ಪಿದ್ದೇನೆ’ ಎಂಬ ಉತ್ತರ ತರಿಸಿಕೊಳ್ಳಿ. ಅದು ಬಂದ ಮೇಲೆಯೇ ಅಡ್ವಾನ್ಸ್ ಪಡೆಯಿರಿ. ಬಾಕಿ ವಸೂಲಿಗೆ ಸಿವಿಲ್ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ 3 ವರ್ಷದ ಗಡುವು ಇರುತ್ತದೆ. ಅಲ್ಲಿಯವರೆಗೆ ಪತ್ರ, ರಸೀದಿ, ಮಾರ್ಕೆಟ್‌ನ ಚೀಟಿಗಳನ್ನು ಒಂದೇ ಫೈಲಿನಲ್ಲಿಡಿ. ಮೊಬೈಲ್ ಬದಲಿಸಿದರೂ ಆ ಚಾಟ್ ಮಾತ್ರ ಅಳಿಸಬೇಡಿ.