‘ಅನುದಿನದ ಆಹಾರ’: ಒಂದು ಗ್ರೀಕ್ ಪದದ ಬೆನ್ನು ಹತ್ತಿ

ಬೈಬಲಿನ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ಕಲಿಸುವ ಪ್ರಾರ್ಥನೆಗೆ ಮೂಲ ಗ್ರೀಕಿನಿಂದ ಟಿಪ್ಪಣಿ ಬರೆಯಲು ಕುಳಿತಾಗ, ಕನ್ನಡದಲ್ಲಿ ‘ಅನುದಿನದ ಆಹಾರ’ ಎಂದು ಸಲೀಸಾಗಿ ಓದಿಕೊಂಡು ಹೋಗುವ ಕಡೆ ‘ಎಪಿಯೂಸಿಯೊಸ್’ ಎಂಬ ವಿಶೇಷಣ ನನ್ನನ್ನು ವಾರಗಟ್ಟಲೆ ನಿಲ್ಲಿಸಿಬಿಟ್ಟಿತು. ಇದನ್ನು ವಿದ್ವಾಂಸರೂ ಬಳಸುವುದಿಲ್ಲ, ಜನಸಾಮಾನ್ಯರೂ ಆಡುವುದಿಲ್ಲ, ಸುವಾರ್ತೆ ಬರೆದವರೇ ಕಟ್ಟಿದಂತಿದೆ ಎಂದು ಗ್ರೀಕಿನಲ್ಲೇ ಬರೆಯುತ್ತಿದ್ದ ಕ್ರೈಸ್ತ ಪಂಡಿತ ಓರಿಜೆನ್ ಮೂರನೆಯ ಶತಮಾನದಲ್ಲೇ ಹೇಳಿದ್ದಾನೆ.

ನಾನು ಮೊದಲು ನೆಚ್ಚಿದ್ದು ಒಂದು ಹಳೆಯ ನಿಘಂಟನ್ನು. ಈಜಿಪ್ಟಿನ ಹವಾರಾದಲ್ಲಿ ದೊರೆತ ಪಪೈರಸ್ಸಿನ ಖರ್ಚಿನ ಪಟ್ಟಿಯೊಂದರಲ್ಲಿ ಈ ಪದದ ತುಣುಕು ಇದೆಯೆಂಬ, 1889ರಲ್ಲಿ ಅಚ್ಚಾದ ಓದನ್ನು ಅದು ಉಲ್ಲೇಖಿಸಿತ್ತು. ಲೆಕ್ಕದ ಪಟ್ಟಿಯಲ್ಲಿ ಬಂದ ಮೇಲೆ ‘ನಿತ್ಯಪಡಿ’ಯೇ ಸರಿಯೆಂದು ಚೀಟಿಯಲ್ಲಿ ಬರೆದು, ಅಡಿಗೆರೆಯನ್ನೂ ಎಳೆದೆ. ಬಹುಕಾಲ ಕಾಣೆಯಾಗಿದ್ದ ಆ ಹಾಳೆ 1998ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಪತ್ತೆಯಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಮರುಓದಿನಲ್ಲಿ ಆ ಜಾಗದಲ್ಲಿ ಕಂಡದ್ದು ಎಣ್ಣೆಯನ್ನು ಹೇಳುವ ತೀರ ಸಾಮಾನ್ಯ ಪದ. ನನ್ನ ನಿತ್ಯಪಡಿ ಎಣ್ಣೆಯ ಬಾಬ್ತಾಯಿತು.

ಉಳಿದದ್ದು ಸಂಧಿಯ ಪರೀಕ್ಷೆ. ‘ಎಪಿ’ ಎಂಬ ಉಪಸರ್ಗಕ್ಕೆ ‘ಇರವು’ ಎಂಬರ್ಥದ ‘ಊಸಿಯಾ’ ಸೇರಿದರೆ, ಯಕಾರಾಗಮಕ್ಕೆ ಒಗ್ಗಿದ ನಮ್ಮ ಕಿವಿಗೆ ‘ಎಪಿಯೂಸಿಯೊಸ್’ ಸಹಜವೆನಿಸುತ್ತದೆ, ನಾನೂ ಅಲ್ಲೇ ಎಡವಿದೆ. ಆದರೆ ಗ್ರೀಕಿನಲ್ಲಿ ಇಂಥ ಕಡೆ ಸಾಮಾನ್ಯವಾಗಿ ಲೋಪಸಂಧಿಯಾಗಿ ‘ಎಪೂಸಿಯೊಸ್’ ಎಂದಾಗಬೇಕು. ‘ಬರುವುದು’ ಎಂಬ ಕ್ರಿಯಾಪದದ ಧಾತುವಿನಲ್ಲೇ ಇಕಾರವಿರುವುದರಿಂದ, ‘ಎಪಿ’ಯ ಇಕಾರ ಲೋಪವಾದರೂ ಒಂದು ಇಕಾರ ಉಳಿದು ‘ಎಪಿಯೂಸಿಯೊಸ್’ ಆಗಬಲ್ಲದು. ಅಪೊಸ್ತಲರ ಕೃತ್ಯಗಳು 16:11ರಲ್ಲಿ ‘ಎಪಿಯೂಸೆ’ ಎಂಬ ಅದೇ ರೂಪ ‘ಮರುದಿನ’ ಎಂಬರ್ಥದಲ್ಲಿ ಬಂದಿರುವುದನ್ನು ಕಂಡಾಗ ನನಗೆ ಧೈರ್ಯ ಬಂತು. ಬೈಬಲಿಗೆ ಸೇರದ, ಈಗ ಕಳೆದುಹೋಗಿರುವ ‘ಇಬ್ರಿಯರ ಸುವಾರ್ತೆ’ಯಲ್ಲಿ ಈ ಸ್ಥಳದಲ್ಲಿ ‘ನಾಳೆ’ ಎಂಬರ್ಥದ ‘ಮಹರ್’ ಕಂಡೆನೆಂದು ಬೈಬಲಿನ ಲ್ಯಾಟಿನ್ ಅನುವಾದಕ ಜೆರೋಮ್ ಬರೆದಿರುವುದೂ ಇದಕ್ಕೆ ಒತ್ತಾಸೆ. ಆದರೂ ಅವನು ಲ್ಯಾಟಿನ್ನಿಗೆ ತರುವಾಗ ಇದೇ ಪ್ರಾರ್ಥನೆಯಿರುವ ಲೂಕನ ಸುವಾರ್ತೆಯಲ್ಲಿ ‘ದಿನನಿತ್ಯದ’ ಎಂಬುದನ್ನು ಉಳಿಸಿಕೊಂಡು, ಮತ್ತಾಯನಲ್ಲಿ ‘ಇರವಿಗೂ ಮೀರಿದ’ ಎಂಬಂಥ ಪದವನ್ನಿಟ್ಟ!

ಈಗ ನನ್ನ ಚೀಟಿಯಲ್ಲಿ ‘ಬರಲಿರುವ ದಿನದ’ ಎಂದಿದೆ. ಆದರೆ ಮತ್ತಾಯನ ಅದೇ ಆರನೆಯ ಅಧ್ಯಾಯದ 34ನೆಯ ವಚನ ನಾಳಿನ ವಿಷಯವಾಗಿ ಚಿಂತಿಸಬೇಡಿರಿ ಎನ್ನುತ್ತಿರುವುದರಿಂದ, ಅದನ್ನು ಪೆನ್ಸಿಲಿನಲ್ಲೇ ಬರೆದಿಟ್ಟಿದ್ದೇನೆ.