ಯುಪಿಐ ಲೆಕ್ಕ ನೋಡಿ ತೆರಿಗೆ ನೋಟಿಸ್ ಬಂತೇ? ಉತ್ತರ ಹೀಗೆ ಕೊಡಿ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದ ನೋಟಿಸ್ 29 ಲಕ್ಷ ರೂಪಾಯಿಯದು! ರಾಜ್ಯದವರು ಕೇಂದ್ರದ ಕಡೆ, ಕೇಂದ್ರದವರು ರಾಜ್ಯದ ಕಡೆ ಬೆರಳು ತೋರಿಸಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಆ ಗಲಾಟೆ ಅಲ್ಲಿಗೆ ತಣ್ಣಗಾಯಿತು. ನಾಳೆ ನಿಮ್ಮ ಅಂಗಡಿಗೇ ನೋಟಿಸ್ ಬಂದರೆ?

ಮೊದಲು ಪೂರ್ತಿ ಓದಿ, ಇಲ್ಲವೇ ಗೊತ್ತಿದ್ದವರಿಂದ ಓದಿಸಿ. ಯಾವ ವರ್ಷಗಳದ್ದು, ಎಷ್ಟು ಮೊತ್ತ, ಯಾವ ಕಚೇರಿ, ಉತ್ತರಕ್ಕೆ ಕೊನೆಯ ದಿನ ಯಾವುದು ಎಂದು ಬರೆದಿಟ್ಟುಕೊಳ್ಳಿ. ಕಾರಣ ಕೇಳಿ ಬಂದ ನೋಟಿಸ್ ಆದರೆ ತೆರಿಗೆ ಇನ್ನೂ ನಿಗದಿಯಾಗಿಲ್ಲ, ನಿಮ್ಮ ಮಾತಿಗೆ ಜಾಗ ಇದೆ ಎಂದರ್ಥ. ಹೆದರಿ ಸುಮ್ನೆ ಕೂತರೆ ಆ ಜಾಗ ಹೋಗುತ್ತದೆ.

ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ. ನಿಜವಾದ ಕೆಲಸ ಇರುವುದು ಇಲ್ಲೇ. ಖಾತೆಗೆ ಬಂದ ದುಡ್ಡೆಲ್ಲ ವ್ಯಾಪಾರದ ದುಡ್ಡಲ್ಲ ಅಲ್ವಾ? ಮಗ ಊರಿಂದ ಕಳಿಸಿದ್ದು, ಕೈಸಾಲ, ಚೀಟಿ ಎತ್ತಿದ್ದು, ಗೆಳೆಯನಿಗೆ ಕ್ಯಾಶ್ ಕೊಟ್ಟು ಹಾಕಿಸಿಕೊಂಡದ್ದು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಒಂದೊಂದು ವರ್ಷಕ್ಕೆ ಒಂದೊಂದು ಹಾಳೆ ಮಾಡಿ. ವ್ಯಾಪಾರದ್ದಲ್ಲದ ಹಣವನ್ನು ಬೇರೆ ಪಟ್ಟಿ ಮಾಡಿ, ಪಕ್ಕದಲ್ಲಿ ಕಾರಣ ಬರೆಯಿರಿ. ಸಾಲದ ಪತ್ರ, ಚೀಟಿ ಪುಸ್ತಕ, ಯಾವ ಕಾಗದ ಸಿಕ್ಕರೂ ಜೋಡಿಸಿ.

ಉಳಿದದ್ದು ವ್ಯಾಪಾರ. ಅದನ್ನು ಸರಕಿನ ಪ್ರಕಾರ ಒಡೆಯಿರಿ. ತಾಜಾ ತರಕಾರಿ, ಹಣ್ಣು, ಹಾಲಿಗೆ ತೆರಿಗೆ ಇಲ್ಲ. ಇಂಥವನ್ನು ಮಾತ್ರ ಮಾರುವವರಿಗೆ ವಹಿವಾಟು ಎಷ್ಟೇ ಇರಲಿ, ನೋಂದಣಿ ಬೇಕಿಲ್ಲ. ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಹಾಲಿನ ಜತೆ ಬಿಸ್ಕತ್ತು, ಸೋಪು ಕೂಡ ಮಾರಿದರೆ, ನೋಂದಣಿ ಕಡ್ಡಾಯವಾಗುವ ವಹಿವಾಟು ಮಿತಿಯ ಲೆಕ್ಕಕ್ಕೆ ಹಾಲಿನ ದುಡ್ಡೂ ಸೇರುತ್ತದೆ. ತೆರಿಗೆ ಬೀಳುವುದು ಬಿಸ್ಕತ್ತು, ಸೋಪಿನ ಪಾಲಿಗೆ ಮಾತ್ರ. ಬರೀ ಸರಕು ಮಾರುವವರಿಗೆ ಆ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಹೋಟೆಲ್, ದರ್ಶಿನಿಯಂಥ ಸೇವೆಗೆ 20 ಲಕ್ಷ.

ಈಗ ಉತ್ತರ ಬರೆಯಿರಿ. ಬಾಯಿಮಾತಲ್ಲಿ ಹೇಳಿ ಬರಬೇಡಿ. ನೋಟಿಸ್ ಸಂಖ್ಯೆ, ದಿನಾಂಕ, ನಿಮ್ಮ ಲೆಕ್ಕ, ಲಗತ್ತುಗಳ ಪಟ್ಟಿ ಇಷ್ಟಿದ್ದರೆ ಸಾಕು, ಕೋಪದ ಮಾತು ಬೇಡ. ‘ಖುದ್ದಾಗಿ ಬಂದು ವಿವರಿಸಲು ಅವಕಾಶ ಕೊಡಿ’ ಎಂಬ ಸಾಲನ್ನು ಖಂಡಿತ ಸೇರಿಸಿ. ಲೆಕ್ಕ ಮುಗಿಯದಿದ್ದರೆ ಕೊನೆಯ ದಿನಕ್ಕೆ ಮೊದಲೇ ಹೆಚ್ಚಿನ ಸಮಯ ಕೇಳಿ ಪತ್ರ ಕೊಡಿ. ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಹೊರಡಬೇಡಿ.

ಆದೇಶ ನಿಮ್ಮ ವಿರುದ್ಧ ಬಂದರೆ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಒಪ್ಪದ ತೆರಿಗೆಯ ಶೇ 10ರಷ್ಟನ್ನು ಮೊದಲು ಕಟ್ಟಬೇಕು.

ವ್ಯಾಪಾರ ನಿಜಕ್ಕೂ ಮಿತಿ ದಾಟಿದ್ದರೆ ಮುಂದಕ್ಕೆ ರಾಜಿ ತೆರಿಗೆ ಪದ್ಧತಿ (ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮ್) ಒಳ್ಳೆಯದು. ವರ್ಷಕ್ಕೆ 1.5 ಕೋಟಿ ರೂಪಾಯಿವರೆಗಿನ ಅಂಗಡಿಗೆ ಶೇ 1, ಹೋಟೆಲಿಗೆ ಶೇ 5 ತೆರಿಗೆ. ಅದನ್ನು ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ. ಹಿಂದಿನ ವರ್ಷಗಳಿಗೂ ಇದು ಸಿಗುವುದಿಲ್ಲ. ಅದಕ್ಕೇ ತಡಮಾಡಬಾರದು. ನೋಂದಣಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಇನ್ನು ಕ್ಯೂಆರ್ ಬೋರ್ಡ್ ಕಿತ್ತಿಟ್ಟವರಿಗೆ ಒಂದು ಮಾತು. ಕ್ಯಾಶ್ ವ್ಯಾಪಾರವೂ ಅದೇ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಬೋರ್ಡ್ ಅಲ್ಲೇ ಇರಲಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ, ದಿನದ ಖರೀದಿ, ಮಾರಾಟ ಎರಡನ್ನೂ ಅಂದಂದೇ ಬರೆಯಿರಿ.